ಹೊಳೆಗೆ ಬಿಟ್ಟರೆ ಪುಣ್ಯ ಬರುತ್ತಾ?

ನಮ್ಮ ಕಡೆ ಸಾಕಿದ ಆಮೆಗೆ ಜೋರು ಕಾಯಿಲೆ ಬಂದರೆ ಸಿಗೋ ಸಲಹೆ ಒಂದೇ, "ಹೊಳೆಗೆ ಬಿಟ್ಟು ಬಾ." ದಾಂಡೇಲಿಯವರಿಗೆ ಕಾಳಿ ಹೊಳೆ ಇದೆ, ಜೋಯಿಡಾದವರಿಗೆ ಸೂಪಾ ಡ್ಯಾಮಿನ ಹಿನ್ನೀರು, ಮುಂಡಗೋಡದವರಿಗೆ ಅತ್ತಿವೇರಿ, ಹಳಿಯಾಳದವರಿಗೆ ಊರ ಕೆರೆ. ನೀರಿನ ಪ್ರಾಣಿ ನೀರಿಗೆ ಹೋಯ್ತು. ಬದುಕಿದರೆ ಅದರ ಹಣೆಬರಹ, ಸತ್ತರೆ ನಮ್ಮ ಕಣ್ಣೆದುರಿಗಂತೂ ಸಾಯಲಿಲ್ಲ. ಮೇಲೆ ಒಂದಿಷ್ಟು ಪುಣ್ಯ ಬೇರೆ!

ನನಗೆ ಈ ಪುಣ್ಯದ ಲೆಕ್ಕ ಒಪ್ಪಿಗೆ ಇಲ್ಲ. ವಾಸಿಯಾಗದ ಪ್ರಾಣಿಯನ್ನು ಹೊಳೆಗೆ ಬಿಡೋದು ಅಂದರೆ ಅದನ್ನು ನಿಧಾನವಾಗಿ, ನೋಡೋರಿಲ್ಲದ ಜಾಗದಲ್ಲಿ ಕೊಲ್ಲೋದು ಅಷ್ಟೇ. ಹಾಗಂತ "ಒಂದು ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡಿ" ಅನ್ನೋ ಅವಸರವೂ ಸರಿಯಲ್ಲ. ಆಮೆ, ಹಾವು, ಹಲ್ಲಿ ಜಾತಿಯ ಪ್ರಾಣಿಗಳ ವಿಷಯದಲ್ಲಿ ಎರಡೂ ತಪ್ಪು ಸುಲಭವಾಗಿ ಆಗುತ್ತವೆ. ಯಾಕೆ ಅಂತ ಹೇಳ್ತೀನಿ.

ಮೊದಲು ನಗೋರಿಗೆ ಒಂದು ಮಾತು. "ನಾಯಿ ಅಂದ್ರೆ ಸರಿ, ಆಮೆಗೂ ಅಳ್ತಾರಾ?" ಅಂತ ಕೇಳೋರು ಬಹಳ ಜನ. ಕಾಸರಗೋಡಿನ ಅನಂತಪುರ ಕೆರೆ ದೇವಸ್ಥಾನದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಹೋದಾಗ ಜನ ಸಾಲುಗಟ್ಟಿ ಬಂದು ಹೂವು ಹಾಕಿ ಕೈಮುಗಿದರು. ಮೊಸಳೆಗೆ ಕಣ್ಣೀರು ಹಾಕಬಹುದಾದರೆ ಹನ್ನೊಂದು ವರ್ಷ ಮನೆಯಲ್ಲಿದ್ದ ಆಮೆಗೆ ಹಾಕಿದರೆ ತಪ್ಪೇನು?

ಇಲ್ಲಿ ಹೇಳ್ತಿರೋದು ಕೆಂಪು ಕಿವಿಯ ಆಮೆ ಬಗ್ಗೆ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುತ್ತಲ್ಲ, ಅದು. ಮೂಲ ಅಮೆರಿಕದ ಮಿಸಿಸಿಪ್ಪಿ ನದಿ ಬಯಲು. ನಮ್ಮಲ್ಲಿ ಮೀನಿನ ಅಂಗಡಿಗಳಲ್ಲಿ ದೊಡ್ಡ ನಾಣ್ಯದಷ್ಟಿರುವಾಗ ಮಾರುತ್ತಾರೆ. ಅದು ಊಟದ ತಟ್ಟೆಯಷ್ಟು ದೊಡ್ಡದಾಗುತ್ತೆ, ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ಮೂವತ್ತು ವರ್ಷ ಬದುಕುತ್ತೆ ಅನ್ನೋದನ್ನು ಮಾರುವವರು ಹೇಳೋದು ಕಡಿಮೆ. ನಕ್ಷತ್ರ ಆಮೆಯ ಕಥೆಯೇ ಬೇರೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳೋದೇ ಅಪರಾಧ. 2022ರ ತಿದ್ದುಪಡಿಯ ನಂತರ ಅದು ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಹುಲಿ ಇರೋ ಪಟ್ಟಿ ಅದು. ಅದೃಷ್ಟ ಬರುತ್ತೆ ಅಂತ ಕದ್ದು ಸಾಕಿದ ನಕ್ಷತ್ರ ಆಮೆಗೆ ಕಾಯಿಲೆ ಬಂದರೆ ಡಾಕ್ಟರ ಹತ್ತಿರ ಒಯ್ಯೋಕೂ ಭಯ. ಹಾಗಾಗಿ ಅದು ಡಬ್ಬದಲ್ಲೇ ನರಳುತ್ತೆ. ಅದರ ಸಾವು ಬದುಕಿನ ತೀರ್ಮಾನ ನಿಮ್ಮದಲ್ಲ, ಅರಣ್ಯ ಇಲಾಖೆಯದು. ಹಳಿಯಾಳದ ಕಬ್ಬಿನ ಗದ್ದೆಯಲ್ಲಿ ಟ್ರ್ಯಾಕ್ಟರಿಗೆ ಸಿಕ್ಕ ಕೇರೆ ಹಾವು, ಜೋಯಿಡಾ ರಸ್ತೆಯಲ್ಲಿ ಗಾಡಿ ಹಾಯ್ದ ಹೆಬ್ಬಾವಿಗೂ ಇದೇ ಮಾತು. ಫೋನ್ ಮಾಡಿ ಇಲಾಖೆಯವರಿಗೆ ತಿಳಿಸೋದಷ್ಟೇ ನಮ್ಮ ಕೆಲಸ.

ಈಗ ನಾನು ಕಂಡ ಒಂದು ಪ್ರಸಂಗ. ಹಳಿಯಾಳದಲ್ಲಿ ನಮ್ಮ ಅತ್ತೆಯ ಮನೆಯಲ್ಲಿ ಇಂಥದೊಂದು ಆಮೆ ಇತ್ತು. ಅತ್ತೆಯ ಮಗ ಶಾಲೆಗೆ ಹೋಗುವಾಗ ಹಟ ಮಾಡಿ ತರಿಸಿದ್ದು. ಅವನು ಓದು ಮುಗಿಸಿ ಪುಣೆಗೆ ಹೋದ, ಆಮೆ ಅತ್ತೆಯ ಪಾಲಿಗೆ ಉಳೀತು. ಕಳೆದ ಚಳಿಗಾಲದಲ್ಲಿ ಅದರ ಕಣ್ಣು ಊದಿಕೊಂಡು ಮುಚ್ಚಿಹೋಯ್ತು. ಊಟ ಬಿಟ್ಟಿತು. ನೀರಿನಲ್ಲಿ ಒಂದು ಕಡೆ ವಾಲಿಕೊಂಡು ತೇಲೋಕೆ ಶುರು ಮಾಡಿತು. ಓಣಿಯವರೆಲ್ಲ ಹೊಳೆ ದಾರಿ ತೋರಿಸಿದರು. ಮಗ ಫೋನಿನಲ್ಲಿ "ಆಯಿ, ಸುಮ್ನ ಇಂಜೆಕ್ಷನ್ ಕೊಡಿಸಿಬಿಡು" ಅಂದ. ಅತ್ತೆ ನನ್ನ ಕೇಳಿದ್ದು ಒಂದೇ ಮಾತು: "ಅದಕ್ಕ ಇನ್ನೂ ಬದುಕೋ ಆಸೆ ಐತೋ ಇಲ್ಲೋ, ಹ್ಯಾಂಗ್ ತಿಳ್ಕೊಳ್ಳೋದೋ ತಮ್ಮಾ?"

ಇದಕ್ಕೆ ಗೂಗಲ್ಲಿನಲ್ಲಿ ರೆಡಿಮೇಡ್ ಉತ್ತರ ಹುಡುಕಿದೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲಾಲೊಬೋಸ್ 2004ರಲ್ಲಿ ಮಾಡಿದ ಒಂದು ಅಳತೆಗೋಲು ಇದೆ. ನೋವು, ಹಸಿವು, ನೀರಿನಂಶ, ಸ್ವಚ್ಛತೆ, ಸಂತೋಷ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಹೆಚ್ಚಿವೆಯೇ ಅನ್ನೋದು – ಹೀಗೆ ಏಳು ಬಾಬತ್ತು. ಒಂದೊಂದಕ್ಕೆ ಹತ್ತು ಅಂಕ. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು. ನನ್ನಂಥ ಸಾಫ್ಟ್‌ವೇರಿನವನಿಗೆ ಇದು ಬಹಳ ಹಿಡಿಸಿತು, ಎಕ್ಸೆಲ್ ಶೀಟೂ ಮಾಡಬಹುದಲ್ಲ :) ಆದರೆ ಇದು ನಾಯಿ ಬೆಕ್ಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ನಾಯಿ ನಾಲ್ಕು ದಿನ ಅನ್ನ ಬಿಟ್ಟರೆ ಗಾಬರಿಯಾಗಬೇಕು. ಹೆಬ್ಬಾವು ತಿಂಗಳುಗಟ್ಟಲೆ ತಿನ್ನದೆ ಆರಾಮಾಗಿ ಇರಬಲ್ಲದು. ನಾಯಿ ನೋವಾದರೆ ಕುಂಯ್ ಅನ್ನುತ್ತೆ. ಆಮೆಗೆ ಕೂಗೋದೇ ಗೊತ್ತಿಲ್ಲ, ಅದು ನೋವನ್ನು ಮುಚ್ಚಿಡುತ್ತೆ. ಬಾಲ ಅಲ್ಲಾಡಿಸೋ ಪ್ರಾಣಿಯ ಸ್ಕೇಲಿನಲ್ಲಿ ಆಮೆಯ "ಸಂತೋಷ"ಕ್ಕೆ ಎಷ್ಟು ಅಂಕ ಕೊಡ್ತೀರಿ?

ಇನ್ನೂ ಮುಖ್ಯವಾದದ್ದು ಥಂಡಿ. ಇವು ಮೈಯೊಳಗೆ ತಾವೇ ಬಿಸಿ ಹುಟ್ಟಿಸಿಕೊಳ್ಳುವ ಪ್ರಾಣಿಗಳಲ್ಲ. ಕೆಂಪು ಕಿವಿಯ ಆಮೆಗೆ ನೀರು 25 ಡಿಗ್ರಿ ಆಸುಪಾಸು, ಬಿಸಿಲು ಕಾಯಿಸೋ ಜಾಗ 30 ಡಿಗ್ರಿ ಮೇಲೆ ಇರಬೇಕು. ಡಿಸೆಂಬರ್ ಜನವರಿಯಲ್ಲಿ ನಮ್ಮ ಕಡೆ ರಾತ್ರಿ ಹೇಗಿರುತ್ತೆ ಗೊತ್ತಲ್ಲ. ಹಿತ್ತಲಿನ ಬಕೆಟ್ಟಿನಲ್ಲಿರೋ ಆಮೆ ಕಲ್ಲಿನ ಹಾಗೆ ಬಿದ್ದಿರುತ್ತೆ. ಊಟ ಇಲ್ಲ, ಅಲುಗಾಟ ಇಲ್ಲ, ಉಸಿರು ಕಾಣಲ್ಲ. ಬದುಕಿರೋ ಆಮೆಯನ್ನು ಸತ್ತಿದೆ ಅಂತ ಹೂಳೋ ಸಾಧ್ಯತೆ ಇರೋದು ಇಲ್ಲೇ. ಮೈ ತಣ್ಣಗಿದ್ದರೆ ರೋಗದ ವಿರುದ್ಧ ಹೋರಾಡೋ ಶಕ್ತಿಯೂ ಕುಗ್ಗುತ್ತೆ, ಕೊಟ್ಟ ಔಷಧವೂ ಸರಿಯಾಗಿ ಕೆಲಸ ಮಾಡಲ್ಲ.

ಹಾಗಾಗಿ ನನ್ನ ಮೊದಲ ಅಭಿಪ್ರಾಯ: ತಣ್ಣಗಿರೋ ಪ್ರಾಣಿಯ ಬಗ್ಗೆ ತೀರ್ಮಾನ ತಗೋಬೇಡಿ. ಮೊದಲು ಬೆಚ್ಚಗೆ ಮಾಡಿ. ಬಲ್ಬು ಹಾಕಿ, ಡಾಕ್ಟರಿಗೆ ತೋರಿಸಿ, ಕಾಯಿರಿ. ಕಣ್ಣು ಊದೋದು ಎಷ್ಟೋ ಸಲ ಎ ಜೀವಸತ್ವದ ಕೊರತೆಯಿಂದ. ಚಿಪ್ಪು ಮೆತ್ತಗಾಗೋದು ಸುಣ್ಣದಂಶ ಮತ್ತು ಬಿಸಿಲಿನ ಕೊರತೆಯಿಂದ. ವಾಲಿಕೊಂಡು ತೇಲೋದು ನ್ಯುಮೋನಿಯಾ ಇರಬಹುದು. ಬೇಗ ಹಿಡಿದರೆ ಇವಕ್ಕೆಲ್ಲ ಚಿಕಿತ್ಸೆ ಇದೆ. ಆದರೆ ಎಲ್ಲವೂ ಆಮೆಯ ವೇಗದಲ್ಲೇ. ಕೆಲವು ಇಂಜೆಕ್ಷನ್ ಕೊಡೋದೇ ಮೂರು ದಿನಕ್ಕೊಮ್ಮೆ. ವಾರದಲ್ಲಿ ಗುಣ ಕಾಣಲಿಲ್ಲ ಅಂತ ಕೈಬಿಡೋದು ನ್ಯಾಯವಲ್ಲ.

ಹಾಗಾದರೆ ಸಾಕು ಅನ್ನೋದು ಯಾವಾಗ? ಓದಿದ್ದು, ಡಾಕ್ಟರು ಹೇಳಿದ್ದು ಎಲ್ಲ ಸೇರಿಸಿ ನನಗೆ ಸರಿ ಅನ್ನಿಸಿದ್ದು ಇಷ್ಟು. ಬೆಚ್ಚಗಿಟ್ಟು ಚಿಕಿತ್ಸೆ ಕೊಟ್ಟ ಮೇಲೂ ಅದು ತಲೆ ಎತ್ತಿ ನೀರಿನ ಮೇಲೆ ಉಸಿರಾಡಲಾರದೇ? ಮಗುಚಿ ಬಿದ್ದರೆ ತಾನೇ ಸರಿಯಾಗಲಾರದೇ? ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಪ್ರತಿ ವಾರ ಇಳೀತಾನೇ ಇದೆಯೇ? ಬಿಸಿಲು ಬಂದರೂ ಅತ್ತ ಹೋಗುವ ಮನಸ್ಸು ಮಾಡುತ್ತಿಲ್ಲವೇ? ರಕ್ತಪರೀಕ್ಷೆ, ಎಕ್ಸ್‌ರೇ ನೋಡಿದ ಡಾಕ್ಟರು ಇನ್ನು ತಿರುಗೋ ದಾರಿ ಇಲ್ಲ ಅಂತಾರೆಯೇ? ಇದರಲ್ಲಿ ಒಂದೇ ಒಂದು ಹೌದು ಅಂದರೆ ಸಾಲದು. ಎಲ್ಲ ಸೇರಿ ಹೌದು ಅಂದ ಮೇಲೂ ಎಳೆದಾಡಿದರೆ ಅದು ಪ್ರಾಣಿಗೋಸ್ಕರ ಅಲ್ಲ, ನಮ್ಮ ಸಮಾಧಾನಕ್ಕೋಸ್ಕರ.

ಅತ್ತೆ ಎರಡು ತಿಂಗಳು ಆಮೆಯನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಧಾರವಾಡದ ಬಸ್ಸು ಹತ್ತಿ ಇಳಿದರು. ಕಣ್ಣು ಬಿಟ್ಟಿತು. ಒಂದು ವಾರ ಸೀಗಡಿಯನ್ನೂ ತಿಂದಿತು. ಆಮೇಲೆ ಮತ್ತೆ ಕುಸಿಯಿತು. ಮೂತ್ರಪಿಂಡ ಕೆಟ್ಟಿದೆ ಅಂತ ಗೊತ್ತಾಯ್ತು. ತೂಕ ಇಳೀತಾ ಹೋಯ್ತು, ಕೊನೆಗೆ ಕತ್ತು ಎತ್ತೋದೂ ನಿಂತಿತು. ಆಗ ಅತ್ತೆ ಯಾರನ್ನೂ ಕೇಳಲಿಲ್ಲ. "ನಾಳೆ ಕರ್ಕೊಂಡ್ ಹೋಗ್ತೀನಿ" ಅಂದರು, ಅಷ್ಟೇ. ಮಗನಿಗೆ ಹೇಳಿದ್ದೂ ಆಮೇಲೆಯೇ.

ಯಾರು ತೀರ್ಮಾನಿಸಬೇಕು ಅನ್ನೋದಕ್ಕೂ ನನಗೆ ಉತ್ತರ ಸಿಕ್ಕಿದ್ದು ಅಲ್ಲೇ. ದಯಾಮರಣ ಅನ್ನೋ ಮಾತು ಬಂದರೆ ನಮ್ಮ ಜಿಲ್ಲೆಯವರಿಗೆ ಹಳದೀಪುರದ ಅರುಣಾ ಶಾನಭಾಗ್ ನೆನಪಾಗಲೇಬೇಕು. ಮುಂಬೈಯ ಕೆಇಎಂ ಆಸ್ಪತ್ರೆಯ ದಾದಿ. 1973ರಲ್ಲಿ ನಡೆದ ಹಲ್ಲೆಯ ನಂತರ 2015ರಲ್ಲಿ ತೀರಿಕೊಳ್ಳುವ ತನಕ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ದಯಾಮರಣ ಕೊಡಿ ಅಂತ ಲೇಖಕಿ ಪಿಂಕಿ ವಿರಾನಿ ಅರ್ಜಿ ಹಾಕಿದಾಗ 2011ರಲ್ಲಿ ಸುಪ್ರೀಂ ಕೋರ್ಟು, ಹಗಲು ರಾತ್ರಿ ಆಕೆಯನ್ನು ನೋಡಿಕೊಂಡ ಆಸ್ಪತ್ರೆಯವರೇ ಆಕೆಯ ನಿಜವಾದ ಆಪ್ತರು, ಅವರ ಮಾತೇ ಮುಖ್ಯ ಅಂದಿತು. ಒಬ್ಬ ಮನುಷ್ಯಳ ಬದುಕನ್ನು ಆಮೆಯ ಪಕ್ಕ ಇಟ್ಟು ತೂಗುತ್ತಿಲ್ಲ, ದಯವಿಟ್ಟು ತಪ್ಪು ತಿಳೀಬೇಡಿ. ಆ ತೀರ್ಪಿನ ಒಂದು ಎಳೆ ಮಾತ್ರ ತಗೊಳ್ತಿದ್ದೀನಿ: ಮೈ ತೊಳೆದವರಿಗೆ ಗೊತ್ತಿರೋದು ದೂರದಿಂದ ಕನಿಕರಪಡುವವರಿಗೆ ಗೊತ್ತಿರಲ್ಲ. ಆಮೆ ತರಿಸಿದ್ದು ಮಗ, ಹನ್ನೊಂದು ವರ್ಷ ನೀರು ಬದಲಿಸಿದ್ದು ಅತ್ತೆ. ತೀರ್ಮಾನ ಅವರದೇ.

"ಜೀವ ಕೊಟ್ಟವನು ತಗೊಳ್ತಾನೆ, ನಾವ್ಯಾರು?" ಅನ್ನೋರೂ ಇದ್ದಾರೆ. ಅವರನ್ನು ತಳ್ಳಿಹಾಕೋಕೆ ಆಗಲ್ಲ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಬೌದ್ಧ ಭಿಕ್ಷುಗಳಿಗೆ ಯಾವ ಜೀವವನ್ನೂ ಕೊಲ್ಲಬಾರದು ಅನ್ನೋದು ಮೊದಲ ಶೀಲ. ಕೊನೆಯ ಉಸಿರಿನ ತನಕ ಪಕ್ಕ ಕೂತು ನೋಡಿಕೊಳ್ಳೋರ ಆ ಮಾತಿಗೆ ತೂಕ ಇದೆ. ಇನ್ನೊಂದು ಕಡೆ ಗಾಂಧೀಜಿ ಇದ್ದಾರೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ವಾಸಿಯಾಗದೆ ನರಳುತ್ತಿದ್ದ ಕರುವಿಗೆ ಡಾಕ್ಟರಿಂದ ಇಂಜೆಕ್ಷನ್ ಕೊಡಿಸಿ ನೋವು ಮುಗಿಸಿದರು. ದೇಶವೆಲ್ಲ ಸಿಟ್ಟಾಗಿ ಪತ್ರ ಬರೆಯಿತು. ಅವರು ಅದೂ ಅಹಿಂಸೆಯೇ ಅಂತ ಪತ್ರಿಕೆಯಲ್ಲಿ ಬರೆದು ಸಮರ್ಥಿಸಿಕೊಂಡರು. ಅಹಿಂಸೆಯ ಎರಡು ದಾರಿ ಇವು. ಎರಡರಲ್ಲೂ ಪ್ರಾಣಿಯ ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದಾನೆ. ಹೊಳೆಗೆ ಬಿಟ್ಟು ಬರೋ ದಾರಿಯಲ್ಲಿ ಇರೋದು ಅದಕ್ಕೆ ಬೆನ್ನು ಹಾಕಿದ ಮನುಷ್ಯ.

ತೀರ್ಮಾನವಾದ ಮೇಲೆ ಹೇಗೆ ಅನ್ನೋದೂ ಅಷ್ಟೇ ಮುಖ್ಯ. ದಯವಿಟ್ಟು ಮನೆಯಲ್ಲಿ ಏನೂ ಮಾಡಬೇಡಿ. ಫ್ರೀಜರಿನಲ್ಲಿಟ್ಟರೆ ನಿದ್ದೆಯಲ್ಲೇ ಹೋಗುತ್ತೆ ಅನ್ನೋ ಸಲಹೆ ಓಡಾಡ್ತಾ ಇದೆ. ಅಮೆರಿಕದ ಪಶುವೈದ್ಯರ ಸಂಘದ ಮಾರ್ಗಸೂಚಿ ಎಚ್ಚರ ಇರುವ ಇಂಥ ಪ್ರಾಣಿಗೆ ಅದನ್ನು ಒಪ್ಪಲ್ಲ. ಆಮೆಯ ಮೆದುಳು ಆಮ್ಲಜನಕ ಇಲ್ಲದೆ ಬಹಳ ಹೊತ್ತು ತಾಳಿಕೊಳ್ಳುತ್ತೆ. ತಲೆ ಕಡಿದರೂ ಅರಿವು ತಕ್ಷಣ ಹೋಗಲ್ಲ. ಮೆದುಳು ಸತ್ತ ಮೇಲೂ ಹೃದಯ ತಾಸುಗಟ್ಟಲೆ ಬಡೀತಿರುತ್ತೆ. ಅದಕ್ಕೇ ಬಲ್ಲ ಡಾಕ್ಟರು ಮೊದಲು ಅರಿವಳಿಕೆ ಕೊಟ್ಟು, ಪೂರ್ತಿ ಎಚ್ಚರ ತಪ್ಪಿದ ಮೇಲೆ ಜೀವ ನಿಲ್ಲಿಸುವ ಔಷಧ ಕೊಟ್ಟು, ಸತ್ತಿದೆ ಅಂತ ಖಚಿತ ಮಾಡಿಕೊಳ್ಳದೆ ಕೈಗೆ ಕೊಡಲ್ಲ. "ಎಲ್ಲಾ ಮುಗೀತಾ ಡಾಕ್ಟ್ರೇ, ಖಾತ್ರಿನಾ?" ಅಂತ ಕೇಳೋದರಲ್ಲಿ ನಾಚಿಕೆ ಬೇಡ.

ಇನ್ನು ಹೊಳೆ. ಕಾಯಿಲೆಯ ಆಮೆ ಕಾಳಿಯಲ್ಲಿ ಈಜಲಾರದು, ಬೇಟೆಯಾಡಲಾರದು. ಹಸಿದು, ಇಲ್ಲವೇ ಇನ್ನೊಂದರ ಬಾಯಿಗೆ ಸಿಕ್ಕು ಸಾಯುತ್ತೆ. ಸಾಯೋ ಮುಂಚೆ ತನ್ನ ರೋಗವನ್ನು ಹೊಳೆಯ ಆಮೆಗಳಿಗೆ ದಾಟಿಸಲೂಬಹುದು. ಅಕಸ್ಮಾತ್ ಚೇತರಿಸಿಕೊಂಡರೆ ಇನ್ನೂ ಕಷ್ಟ. ಪರದೇಶದಿಂದ ಬಂದು ನೆಲೆಯೂರಿ ಹಾನಿ ಮಾಡುವ ಜಗತ್ತಿನ ನೂರು ಕೆಟ್ಟ ಜೀವಿಗಳ ಪಟ್ಟಿಯಲ್ಲಿ ಈ ಆಮೆಯೂ ಇದೆ. ಕಾನೂನೂ ಸುಮ್ಮನಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯೋದು ಅಪರಾಧ. ವಿನಾಕಾರಣ ಕ್ರೂರವಾಗಿ ಕೊಲ್ಲೋದೂ ಅಪರಾಧವೇ.

ನಮ್ಮ ನಾಲ್ಕು ತಾಲೂಕಿನ ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆ, ಕುರಿಗಳದ್ದೇ ಕೆಲಸ. ಆಮೆ ಹಿಡಿದುಕೊಂಡು ಹೋದರೆ ಅಲ್ಲಿಯವರಿಗೂ ಹೊಸದು ಅನ್ನಿಸಬಹುದು. ಬಹಳ ಸಲ ಧಾರವಾಡ ಹುಬ್ಬಳ್ಳಿ ದಾರಿ ಹಿಡಿಯಬೇಕು. ಜೋಯಿಡಾದ ಒಳ ಹಳ್ಳಿಯಿಂದ ಅದು ಇಡೀ ದಿನದ ಕೆಲಸ, ಒಪ್ಪುತ್ತೇನೆ. ಅದಕ್ಕೇ ಈ ಪ್ರಶ್ನೆಗಳನ್ನು ಅಂಗಡಿಯಲ್ಲೇ ಕೇಳಿಕೊಳ್ಳಿ ಅನ್ನೋದು. ಇದಕ್ಕೆ ಬಿಸಿ ಕೊಡೋಕೆ ಆಗುತ್ತಾ? ಮೂವತ್ತು ವರ್ಷ ನೀರು ಬದಲಿಸೋರು ಯಾರು? ಕಾಯಿಲೆ ಬಂದರೆ ಯಾವ ಡಾಕ್ಟರು? ಕೊನೆಗಾಲದಲ್ಲಿ ಪಕ್ಕ ಕೂರೋರು ಯಾರು? ಉತ್ತರ ಇಲ್ಲ ಅಂದರೆ ಗಾಜಿನ ಪೆಟ್ಟಿಗೆಯಲ್ಲಿರೋದನ್ನು ನೋಡಿ ಖುಷಿಪಟ್ಟು ಮನೆಗೆ ಬನ್ನಿ.

ಈಗಾಗಲೇ ಮನೆಯಲ್ಲಿ ಇದ್ದರೆ ಮಾತ್ರ ಇಷ್ಟು ನೆನಪಿಡಿ: ಮೊದಲು ಬಿಸಿ, ಆಮೇಲೆ ಡಾಕ್ಟರು, ಆಮೇಲೆ ಸಮಯ. ಮೂರೂ ಕೊಟ್ಟ ಮೇಲೂ ಆಗಲಿಲ್ಲ ಅಂದರೆ ಅದನ್ನು ಬಿಡಿಸೋ ಧೈರ್ಯ ಮಾಡಿ. ಆ ಪಾಪವೋ ಪುಣ್ಯವೋ, ಹೊಳೆಯ ಮೇಲೆ ಹಾಕದೆ ನಿಮ್ಮ ಹೆಸರಿಗೇ ಬರೆದುಕೊಳ್ಳಿ.

ನೀವೇನಂತೀರಿ?