ರೈತನ ಗಾಡಿ ಧಣಿಯ ರಥವಾದ ಕಥೆ

ರಾಯದುರ್ಗ: ಗಡಿ ಸೀಮೆಯ ಮದುವೆಗಳಲ್ಲಿ ಕಲ್ಯಾಣ ಮಂಟಪದ ಮುಂದೆ ಎತ್ತರದ ಎಸ್‌ಯುವಿ ಬಂದು ನಿಂತರೆ ಜನ ತಾವಾಗಿಯೇ ದಾರಿ ಬಿಡುತ್ತಾರೆ. ಒಳಗೆ ಯಾರಿದ್ದಾರೆ ಎಂಬುದು ಆಮೇಲಿನ ಮಾತು! ಈ ಗತ್ತಿಗೆ ಇನ್ನೊಂದು ಹೆಸರೇ ರೇಂಜ್ ರೋವರ್. 2024ರಲ್ಲಿ ಪುಣೆಯಲ್ಲೇ ಜೋಡಿಸಲು ಶುರು ಮಾಡಿದಾಗ ಅದರ ಬೆಲೆ ಇಳಿಯಿತು. ಹಾಗೆ ಇಳಿದ ಆರಂಭಿಕ ಬೆಲೆಯೇ 2.36 ಕೋಟಿ ರೂಪಾಯಿ.

ಹುಟ್ಟಿದ್ದು ಹೊಲಕ್ಕೆ

ಆದರೆ ಈ ಗಾಡಿಯ ಮೂಲ ಅರಮನೆಯಲ್ಲ, ಹೊಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ರೋವರ್ ಕಂಪನಿಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ತಮ್ಮ ಜಮೀನಿನಲ್ಲಿ ಅಮೆರಿಕದ ಹಳೇ ಮಿಲಿಟರಿ ಜೀಪು ಓಡಿಸುತ್ತಿದ್ದರು. ರೈತರಿಗೂ ಇಂಥದ್ದೊಂದು ಬೇಕು ಅನ್ನಿಸಿತು. 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಹೊರಬಂತು. ಉಕ್ಕಿಗೆ ರೇಷನ್ ಇದ್ದ ಕಾಲ, ಹಾಗಾಗಿ ಮೈಗೆ ಅಲ್ಯೂಮಿನಿಯಂ ತಗಡು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ. ಬೇಸಾಯದ ಯಂತ್ರ ತಿರುಗಿಸುವ ಅನುಕೂಲವೂ ಇತ್ತು.

1970ರಲ್ಲಿ ಬಂದ ರೇಂಜ್ ರೋವರ್ ಅದಕ್ಕೆ ಕಾರಿನ ಸುಖ ಸೇರಿಸಿತು. ಆಗಲೂ ಕೆಸರಾದರೆ ಒಳಗಿನ ನೆಲವನ್ನು ನೀರು ಬಿಟ್ಟು ತೊಳೆಯಬಹುದಿತ್ತು. ಚರ್ಮದ ಸೀಟು, ಠೀವಿ ಎಲ್ಲ ಆಮೇಲೆ ಬಂದವು. 2008ರಲ್ಲಿ ನಮ್ಮ ಟಾಟಾ ಮೋಟರ್ಸ್ ಫೋರ್ಡ್ ಕಂಪನಿಗೆ 230 ಕೋಟಿ ಡಾಲರ್ ಕೊಟ್ಟು ಜಾಗ್ವಾರ್ ಜೊತೆಗೆ ಲ್ಯಾಂಡ್ ರೋವರನ್ನೂ ಕೊಂಡಿತು.

ನಮ್ಮ ಕಡೆ ಬಂದದ್ದು ಹೇಗೆ?

ಅದೇ ದಶಕದಲ್ಲಿ ಚೀನಾಕ್ಕೆ ಅದಿರು ಬೇಕಾಯಿತು. ಓಬಳಾಪುರಂ, ಬಳ್ಳಾರಿ ಗುಡ್ಡಗಳು ಬಗೆಯಲ್ಪಟ್ಟವು. ಅದಿರಿನ ಲಾರಿಗಳು ರಸ್ತೆಯನ್ನು ಹಾಳು ಮಾಡಿದವು. ಆ ಹಾಳು ರಸ್ತೆಯ ಮೇಲೆಯೇ ಗಣಿ ಹಣದ ದುಬಾರಿ ಗಾಡಿಗಳು ಓಡಿದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಗುಡ್ಡ ವಾಪಸ್ ಬರಲಿಲ್ಲ, ದೊಡ್ಡ ಗಾಡಿಯ ಮೋಹ ಮಾತ್ರ ಉಳಿಯಿತು.

ಮಡಕಶಿರಾ ಕಡೆ ಕಥೆ ಬೇರೆ. ಪಕ್ಕದ ಪೆನುಕೊಂಡದಲ್ಲಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ಅಲ್ಲಿನ ಸೆಲ್ಟೋಸ್ ನೋಡಲು ಎತ್ತರ. ಆದರೆ ಎಂಜಿನ್ ಬಲ ಮುಂದಿನ ಎರಡು ಚಕ್ರಕ್ಕೆ ಮಾತ್ರ. ಊರ ರಸ್ತೆಗೆ ಅದು ಸಾಕು, ಒಳ್ಳೆಯ ಕಾರೇ. ಆದರೆ ಉಸುಕಿನ ಹಳ್ಳ ದಾಟಲು ಮಾಡಿದ್ದಲ್ಲ. ಮಾರಾಟವಾಗುತ್ತಿರುವುದು ಹೆಚ್ಚಾಗಿ ಕಾಡುಮೇಡಿನ ಗಾಡಿಯ ರೂಪ, ಅದರ ಕಸುವಲ್ಲ.

ಲೆಕ್ಕ ಹಾಕಿ

ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಬೀಳುವ ಸೀಮೆ ನಮ್ಮದು. ಶೇಂಗಾ ಕೈ ಕೊಟ್ಟರೆ ಕಂತು ಕೇಳುವವರು ಸುಮ್ಮನಿರುವುದಿಲ್ಲ. ಮಗನ ಗತ್ತಿಗಾಗಿ ಹೊಲ ಅಡವಿಡುವ ಮುಂಚೆ ಯಜಮಾನರು ಒಂದು ಮಾತು ಕೇಳಬೇಕು: ಈ ಗಾಡಿ ಯಾವ ಕೆಲಸಕ್ಕೆ? ವಿಲ್ಕ್ಸ್ ಹೊಲಕ್ಕಾಗಿ ಗಾಡಿ ಮಾಡಿದರು. ನಾವು ಗಾಡಿಗಾಗಿ ಹೊಲ ಕಳೆದುಕೊಳ್ಳುವುದು ಬೇಡ.