ಬಳಸಿ ನೋಡಿ ಬರೆಯುವವರು

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಏರಿಹೋಗುವ ದಾರಿಯಲ್ಲಿ ಅತ್ತಿಗುಂಡಿ ಎಂಬ ಸಣ್ಣದೊಂದು ಊರು ಸಿಗುತ್ತದೆ. ಬೆಟ್ಟ ನೋಡಬಂದವರಿಗೆ ಅದು ದಾರಿಯ ನಡುವಣ ಒಂದು ತಿರುವು ಮಾತ್ರ. ಸುತ್ತಲೂ ಕಾಫಿಯ ತೋಟ, ಮೇಲೆ ಮಂಜು, ಕೆಳಗೆ ಕಣಿವೆ. ಹದಿನೇಳನೆಯ ಶತಮಾನದಲ್ಲಿ ಯೆಮೆನ್ ದೇಶದಿಂದ ಬಂದ ಏಳು ಕಾಫಿಬೀಜಗಳು ಈ ಗಿರಿಯಲ್ಲಿಯೇ ಬೇರೂರಿದುವೆಂಬ ಐತಿಹ್ಯವನ್ನು ಬಲ್ಲವರು ಬಹಳ ಮಂದಿ. ಇಂಥ ಊರಿನಲ್ಲಿ ಕುಳಿತ ತರುಣನೊಬ್ಬ ಬೆಂಗಳೂರಿನ, ಅಷ್ಟೇಕೆ, ಅಮೆರಿಕೆಯ ಜಾಲತಾಣವೊಂದಕ್ಕೆ ಲೇಖನ ಬರೆದು ನಾಲ್ಕು ಕಾಸು ಸಂಪಾದಿಸಬಹುದೆಂಬುದು ಮಾತ್ರ ಇತ್ತೀಚಿನ ಸೋಜಿಗ.

ಲೇಖನವೆಂದರೆ ಕಥೆಯಲ್ಲ, ಪ್ರವಾಸಕಥನವೂ ಅಲ್ಲ. ಗೃಹಬಳಕೆಯ ತಂತ್ರಾಂಶಗಳ ಗುಣದೋಷ ವಿವೇಚನೆ. ಮನೆಯ ಜಮಾಖರ್ಚು ಇಡುವುದಕ್ಕೊಂದು, ಮಕ್ಕಳ ಪಾಠಕ್ಕೊಂದು, ಮದುವೆಯ ಛಾಯಾಚಿತ್ರಗಳನ್ನು ತಿದ್ದುವುದಕ್ಕೊಂದು, ಗುಪ್ತಪದಗಳನ್ನು ಜೋಪಾನವಾಗಿ ಇರಿಸುವುದಕ್ಕೊಂದು. ಹೀಗೆ ದಿನಕ್ಕೊಂದರಂತೆ ಹುಟ್ಟುವ ತಂತ್ರಾಂಶಗಳಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಗೃಹಸ್ಥರಿಗೆ ತಿಳಿಸಿ ಹೇಳುವ ಕೆಲಸ. ಜಾಲತಾಣಗಳವರು ಇದಕ್ಕೆಲ್ಲ ಸಂಬಳದ ನೌಕರರನ್ನು ಇಟ್ಟುಕೊಳ್ಳುವುದು ಕಡಮೆ. ಹೊರಗಿನವರಿಂದ ಬರೆಯಿಸಿ, ಲೇಖನವೊಂದಕ್ಕೆ ಇಷ್ಟೆಂದು ಕೊಡುತ್ತಾರೆ. ರಜೆಯಿಲ್ಲ, ಪಿಂಚಣಿಯಿಲ್ಲ. ಲೇಖನ ಹಿಂದಕ್ಕೆ ಬಂದರೆ ಕೇಳುವವರೂ ಇಲ್ಲ. ಮಗ ಇಂಥದೊಂದು ಉದ್ಯೋಗ ಹಿಡಿದಿರುವನೆಂದು ನೆಂಟರ ಮುಂದೆ ಹೇಳಿಕೊಳ್ಳಲು ತಂದೆತಾಯಿಗಳು ಕೊಂಚ ಅಳುಕುವುದು ಸಹಜವೇ.

ಇದರ ಲೆಕ್ಕಾಚಾರದಲ್ಲಿಯೇ ಒಂದು ತೊಡಕಿದೆ. ಒಂದು ಲೇಖನಕ್ಕೆ ಎರಡು ಸಾವಿರ ರೂಪಾಯಿ ಎಂದು ಗೊತ್ತಾಗಿದೆ ಎಂದಿಟ್ಟುಕೊಂಡರೆ, ತಂತ್ರಾಂಶವನ್ನು ಐದು ದಿನ ನಿಷ್ಠೆಯಿಂದ ಬಳಸಿ ನೋಡಿ ಬರೆದವನಿಗೆ ದಿನಕ್ಕೆ ಬೀಳುವುದು ನಾನೂರು. ತೋಟದಲ್ಲಿ ಹಣ್ಣು ಕೊಯ್ಯುವವರ ಕೂಲಿಯೊಡನೆ ಹೋಲಿಸಿ ನೋಡಬೇಕಾದ ಮೊತ್ತ. ತಯಾರಕರು ಕಳುಹಿಸಿದ ಪ್ರಕಟಣೆಯನ್ನೇ ಒಂದಿಷ್ಟು ತಿರುವಿ ಮುರುವಿ, ಸಂಜೆಯೊಳಗೆ ಬರೆದು ಒಪ್ಪಿಸಿದವನಿಗೆ ಒಂದೇ ದಿನಕ್ಕೆ ಎರಡು ಸಾವಿರ. ಓದುವವರಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಎರಡರ ತಲೆಯ ಮೇಲೂ ನಾಲ್ಕೂವರೆ ನಕ್ಷತ್ರಗಳು! ಹೀಗಿರುವಾಗ ಪ್ರಾಮಾಣಿಕನಾಗಿರುವುದು ಶುದ್ಧ ನಷ್ಟದ ಬಾಬತ್ತೆಂದು ತೋರಿದರೆ ಆಶ್ಚರ್ಯವಿಲ್ಲ.

ಸಾಲದುದಕ್ಕೆ ದಲ್ಲಾಳಿಯ ರುಸುಮೆಂಬುದೊಂದುಂಟು. ಲೇಖನದ ಕೆಳಗೆ ‘ಇಲ್ಲಿ ಒತ್ತಿ ಕೊಳ್ಳಿ’ ಎಂದಿರುತ್ತದೆ; ಓದುಗನು ಒತ್ತಿ ಕೊಂಡರೆ ಜಾಲತಾಣಕ್ಕೆ ಅದರಲ್ಲೊಂದು ಪಾಲು. ಇದು ತಪ್ಪೆಂದು ಹೇಳಲಾಗದು, ಆದರೆ ಮುಚ್ಚಿಟ್ಟರೆ ತಪ್ಪು. ಅಮೆರಿಕೆಯ ವ್ಯಾಪಾರ ಆಯೋಗ 2009ರಲ್ಲಿಯೇ, ಉಚಿತವಾಗಿ ವಸ್ತುವನ್ನೋ ಹಣವನ್ನೋ ಪಡೆದು ಬರೆಯುವವರು ಅದನ್ನು ಓದುಗರಿಗೆ ತಿಳಿಸತಕ್ಕದ್ದೆಂದು ವಿಧಿಸಿತು. ನಮ್ಮ ದೇಶದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತಿಗೂ ಅದನ್ನು ಅನುಮೋದಿಸಿದವರಿಗೂ ದಂಡ ವಿಧಿಸಲು ಅವಕಾಶ ಮಾಡಿತು. 2021ರಲ್ಲಿ ಜಾಹೀರಾತು ಮಾನಕ ಮಂಡಳಿಯೂ, 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಇಂಥ ಸಂಬಂಧಗಳನ್ನು ಎದ್ದು ಕಾಣುವಂತೆ ಪ್ರಕಟಿಸಬೇಕೆಂದು ಸೂಚನೆಗಳನ್ನು ಹೊರಡಿಸಿದುವು. ಆದ್ದರಿಂದ ಇಂಥ ಲೇಖನವನ್ನು ಓದುವ ಗೃಹಿಣಿ ನಕ್ಷತ್ರಗಳನ್ನು ಎಣಿಸುವ ಮುನ್ನ ಆ ಸಾಲು ಎಲ್ಲಿದೆಯೆಂದು ಹುಡುಕುವುದು ಲೇಸು.

ಇನ್ನೊಂದು ಸಂಗತಿಯನ್ನೂ ಆಕೆ ಹುಡುಕಬಹುದು. ಈಗ ಅನೇಕ ತಂತ್ರಾಂಶಗಳನ್ನು ಕೊಳ್ಳುವುದಿಲ್ಲ, ಬಾಡಿಗೆಗೆ ಪಡೆಯುತ್ತೇವೆ. ಮೊದಲ ತಿಂಗಳು ಪುಕ್ಕಟೆ, ಆಮೇಲೆ ತಾನಾಗಿಯೇ ಬ್ಯಾಂಕಿನಿಂದ ಹಣ ಕಡಿತ. ರಿಸರ್ವ್ ಬ್ಯಾಂಕು 2021ರ ಅಕ್ಟೋಬರಿನಿಂದ, ಕಾರ್ಡಿನ ಮೂಲಕ ಹೀಗೆ ಕಡಿಯುವ ಮುನ್ನ 24 ಗಂಟೆ ಮೊದಲೇ ತಿಳಿಸಬೇಕೆಂಬ ನಿಯಮವನ್ನು ಜಾರಿಗೆ ತಂದಿತು. ಆದರೂ ಸೇರುವ ಬಾಗಿಲು ಹೆಬ್ಬಾಗಿಲಾಗಿ, ಬಿಡುವ ಬಾಗಿಲು ಹಿತ್ತಿಲ ಕಿಂಡಿಯಾಗಿರುವುದುಂಟು. ಆ ಕಿಂಡಿ ಎಲ್ಲಿದೆಯೆಂದು ತಾನೇ ಸೇರಿ, ತಾನೇ ಬಿಟ್ಟು ನೋಡಿ ಬರೆದವನ ಲೇಖನ ಹತ್ತು ಪಟ್ಟು ಬೆಲೆಯುಳ್ಳದ್ದು.

ಬೆಟ್ಟದ ಮೇಲೆ ಕುಳಿತವನಿಗೆ ಇಲ್ಲಿ ಒಂದು ಅನುಕೂಲವುಂಟು. ಪಟ್ಟಣದ ವಿಮರ್ಶಕನ ಮನೆಯಲ್ಲಿ ಅಂತರ್ಜಾಲ ನಲ್ಲಿಯ ನೀರಿನಂತೆ ಹರಿಯುತ್ತದೆ. ತಂತ್ರಾಂಶವೊಂದು ಕ್ಷಣಕ್ಷಣಕ್ಕೂ ಜಾಲವನ್ನು ಬೇಡುತ್ತದೆಂಬುದು ಅವನ ಗಮನಕ್ಕೇ ಬಾರದು. ಆಷಾಢದ ಮಳೆಯಲ್ಲಿ ಸಂಪರ್ಕ ಕಡಿದಾಗಲೇ, ಯಾವುದು ತನ್ನ ಕಾಲ ಮೇಲೆ ತಾನು ನಿಲ್ಲಬಲ್ಲದು, ಯಾವುದು ಊರುಗೋಲಿಲ್ಲದೆ ಬೀಳುವುದು ಎಂಬುದು ತಿಳಿಯುವುದು. ಈ ದೇಶದ ಬಹುಪಾಲು ಜನ ಬಾಳುವುದು ಬೆಂಗಳೂರಿನ ಮಹಡಿಯ ಮನೆಗಳಲ್ಲಿ ಅಲ್ಲವಷ್ಟೆ!

ಗುಡ್ಡಗಾಡಿನಲ್ಲಿದ್ದುಕೊಂಡು ಗಣಕದ ವಿಷಯದಲ್ಲಿ ತಲೆಹಾಕಿದವರು ಈ ಜಿಲ್ಲೆಗೆ ಹೊಸಬರೇನೂ ಅಲ್ಲ. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ, ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸುತ್ತ ಇದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಕನ್ನಡ ತಂತ್ರಾಂಶಗಳ ಕುಂದುಕೊರತೆಗಳನ್ನು ಕೈಯಾರೆ ಅನುಭವಿಸಿ, ಅವುಗಳ ಬಗೆಗೆ ಗಟ್ಟಿಯಾಗಿ ಮಾತನಾಡಿದವರು. ಅವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ಕುವೆಂಪು’ ಹೆಸರಿನ ಕನ್ನಡ ತಂತ್ರಾಂಶವನ್ನು ಹೊರತಂದಿತು. ಆಗಿನ ಪಾಡು ಈಗಿನ ಹುಡುಗರಿಗೆ ನಂಬುವುದೂ ಕಷ್ಟ. ಒಬ್ಬೊಬ್ಬ ತಯಾರಕನದು ಒಂದೊಂದು ಸಂಕೇತ. ಒಂದರಲ್ಲಿ ಬರೆದ ಕಾಗದ ಇನ್ನೊಂದರಲ್ಲಿ ತೆರೆದರೆ ಭೂತಲಿಪಿ. ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಬರೆಯುವ ಕಷ್ಟವನ್ನು ಬಹುಮಟ್ಟಿಗೆ ನೀಗಿದುವು. ಯೂನಿಕೋಡಿನಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರಕಿದ್ದರೂ, ಮನೆಮನೆಯ ಗಣಕದಲ್ಲಿ ಅದು ಕಾಣಿಸಿಕೊಂಡದ್ದು 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ‘ತುಂಗಾ’ ಅಕ್ಷರಗಳೊಡನೆ.

ಕನ್ನಡದಲ್ಲಿಯೇ ಈ ವಿಷಯಗಳನ್ನು ಬರೆದವರೂ ಇದ್ದಾರೆ. ಯು.ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ವೆಂಬ ಮೊದಲ ಕನ್ನಡ ಜಾಲತಾಣವನ್ನು ತೆರೆದವರು, ‘ಪ್ರಜಾವಾಣಿ’ಯಲ್ಲಿ ‘ಗ್ಯಾಜೆಟ್ ಲೋಕ’ ಅಂಕಣ ಬರೆದು, ವಸ್ತುವನ್ನು ಬಳಸಿ ನೋಡಿ ಹೇಳುವ ಪದ್ಧತಿಯನ್ನು ಮನೆಮಾತಾಗಿಸಿದರು. ಟಿ.ಜಿ. ಶ್ರೀನಿಧಿಯವರ ‘ಇಜ್ಞಾನ’ 2007ರಿಂದ ಅದೇ ಹಾದಿಯಲ್ಲಿ ನಡೆದಿದೆ. ಆದರೆ ಕೂಲಿಯ ಮಾತು ಬಂದಾಗ ಇಂಗ್ಲಿಷಿಗೂ ಕನ್ನಡಕ್ಕೂ ಅಜಗಜಾಂತರ. ಆದ್ದರಿಂದ ಅತ್ತಿಗುಂಡಿಯಂಥ ಊರಿನ ಲೇಖಕ ಹೊಟ್ಟೆಪಾಡಿಗೆ ಇಂಗ್ಲಿಷಿನಲ್ಲಿಯೂ, ಮನಸ್ಸಂತೋಷಕ್ಕೆ ಕನ್ನಡದಲ್ಲಿಯೂ ಬರೆಯುವಂತಾದರೆ ಅವನನ್ನು ದೂರುವುದು ಹೇಗೆ? ಈಗೀಗಲಂತೂ ಹುಡುಕುವ ಯಂತ್ರಗಳೇ ಹತ್ತಾರು ಲೇಖನಗಳ ಸಾರವನ್ನು ಹಿಂಡಿ ಮೇಲೆಯೇ ಬಡಿಸಿಬಿಡುತ್ತವೆ. ಓದುಗ ಮೂಲದ ತಾಣಕ್ಕೆ ಹೋಗುವುದೇ ಇಲ್ಲ, ಹೋಗದಿದ್ದರೆ ತಾಣಕ್ಕೆ ವರಮಾನವಿಲ್ಲ, ತಾಣಕ್ಕಿಲ್ಲದ್ದು ಲೇಖಕನಿಗೆ ಎಲ್ಲಿಂದ ಬರಬೇಕು? ಯಂತ್ರ ಹಿಂಡುವುದು ಯಾರೋ ಕುಳಿತು ಬಳಸಿ ನೋಡಿದ್ದನ್ನೇ ಎಂಬುದು ಯಾರಿಗೂ ನೆನಪಾಗುತ್ತಿಲ್ಲ.

ಹಾಗೆ ಕುಳಿತು ನೋಡುವುದೆಂದರೇನು? ಟಿಪ್ಪಣಿ ಬರೆದಿಡುವ ತಂತ್ರಾಂಶವೊಂದು ಪರೀಕ್ಷೆಗೆ ಬಂದಿದೆಯೆಂದು ಊಹಿಸಬಹುದು. ಮೊದಲು ‘ಕರ್ನಾಟಕ’ ಎಂದು ಟೈಪು ಮಾಡಬೇಕು. ಕನ್ನಡದ ಅರ್ಕಾವತ್ತು ಕಣ್ಣಿಗೆ ‘ನಾ’ದ ಹಿಂದೆ ಕಾಣುವುದಾದರೂ ಗಣಕದ ಒಳಗೆ ‘ರ’ಕಾರವೇ ಮೊದಲು ನಿಲ್ಲುತ್ತದೆ, ಈ ಗುಟ್ಟನ್ನು ಅರಿಯದೆ ಮಾಡಿದ ತಂತ್ರಾಂಶ ಇಲ್ಲಿಯೇ ಮುಗ್ಗರಿಸುತ್ತದೆ. ಅನಂತರ ‘ರ‍್ಯಾಂಕ್’. ಇದರಲ್ಲಿ ಅರ್ಕಾವತ್ತು ಬಾರದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಜ್ಞೆಯಿದೆ. ಅದನ್ನು ನುಂಗಿಹಾಕುವ ತಂತ್ರಾಂಶಗಳುಂಟು. ಬರೆದದ್ದನ್ನು ಹುಡುಕಿದರೆ ಸಿಗುವುದೇ? ಅಕಾರಾದಿಯಾಗಿ ಜೋಡಿಸಿದರೆ ‘ಕ’ಕಾರದ ಹಿಂದೆ ‘ಖ’ಕಾರ ಬರುವುದೇ? ಅಜ್ಜಿಯ ಅಡುಗೆಯ ಟಿಪ್ಪಣಿಗಳನ್ನೆಲ್ಲ ಅದರಲ್ಲಿ ಬರೆದಿಟ್ಟ ಮೇಲೆ, ನಾಳೆ ಆ ಕಂಪೆನಿ ಬಾಗಿಲು ಮುಚ್ಚಿದರೆ ಅವನ್ನು ಹೊರಕ್ಕೆ ತರುವ ಹಾದಿಯಿದೆಯೇ? ಇದೊಂದು ಪ್ರಶ್ನೆಗೆ ಉತ್ತರ ಪಡೆಯಲು ಒಂದು ಇಡೀ ಹಗಲು ಹಿಡಿದರೂ ಹಿಡಿಯಬಹುದು.

ಇಷ್ಟರಲ್ಲಿ ಗಿರಿಯ ಮೇಲೆ ಮಳೆ ಇಳಿದು ವಿದ್ಯುತ್ತು ಹೋಗುತ್ತದೆ. ಮೇಜಿನ ಗಣಕ ಕಪ್ಪಾಗುತ್ತದೆ. ಲೇಖಕ ಒಳಗೆ ಹೋಗಿ ಕಾಫಿ ಬೆರೆಸಿಕೊಂಡು ಬಂದು ಕಾಯುತ್ತಾನೆ. ದೀಪ ಬಂದೊಡನೆ ಅವನು ಮೊದಲು ನೋಡುವುದು ಕೊನೆಯ ಸಾಲು ಉಳಿದಿದೆಯೇ ಎಂದು. ಉಳಿಯದಿದ್ದರೆ ಲೇಖನದ ಮೊದಲನೆಯ ವಾಕ್ಯ ಅವನಿಗೆ ಸಿಕ್ಕಿತು.