ಊರು ಕತ್ತಲಾದಾಗಲೂ ಉಳಿಯುವ ಮಾತು

ಸಂಡೂರನ್ನು ಬಳಸಿ ನಿಂತ ಬೆಟ್ಟಗಳ ಮೇಲೆ ಮುಂಗಾರಿನ ಗುಡುಗು ಮೊಳಗಿತೆಂದರೆ ಊರಿನ ದೀಪಗಳು ಆರುವುದು ಹೊಸ ಸಂಗತಿಯೇನೂ ಅಲ್ಲ. ಗಾಳಿಯ ಹೊಡೆತಕ್ಕೆ ಎಲ್ಲಿಯೋ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ. ಬೀಸಣಿಗೆ ನಿಲ್ಲುತ್ತದೆ, ಮಕ್ಕಳ ಓದು ನಿಲ್ಲುತ್ತದೆ, ಅಡಿಗೆಯ ಮನೆಯಲ್ಲಿ ಬೆಂಕಿಪೆಟ್ಟಿಗೆಗಾಗಿ ಕೈ ತಡಕಾಡುತ್ತದೆ. ಆದರೆ ತಾಮ್ರದ ತಂತಿಯ ಟೆಲಿಫೋನು ಇನ್ನೂ ಉಳಿದಿರುವ ಮನೆಯಲ್ಲಿ, ಆ ಕತ್ತಲೆಯಲ್ಲಿಯೇ ರಿಸೀವರನ್ನು ಎತ್ತಿ ಕಿವಿಗಿಟ್ಟರೆ, ಪರಿಚಿತವಾದ ಆ ಗುಂಯ್‌ಗುಡುವ ನಾದ ಎಂದಿನಂತೆ ಕೇಳಿಬರುತ್ತದೆ. ಮನೆಯಲ್ಲಿ ವಿದ್ಯುತ್ತಿಲ್ಲ, ಬೀದಿಯಲ್ಲಿ ವಿದ್ಯುತ್ತಿಲ್ಲ, ಊರಿಗೇ ವಿದ್ಯುತ್ತಿಲ್ಲ. ಇದೊಂದು ಉಪಕರಣಕ್ಕೆ ಮಾತ್ರ ಜೀವ ಎಲ್ಲಿಂದ ಬಂತು?

ಜೀವ ಬಂದುದು ಟೆಲಿಫೋನ್ ವಿನಿಮಯ ಕೇಂದ್ರದಿಂದ, ಅಂದರೆ ಎಕ್ಸ್‌ಚೇಂಜಿನಿಂದ. ಮಾತನ್ನು ಹೊತ್ತೊಯ್ಯುವ ಆ ಜೋಡಿ ತಂತಿಯಲ್ಲಿಯೇ ಮಾತಿಗೆ ಬೇಕಾದ ವಿದ್ಯುತ್ತೂ ಹರಿದುಬರುತ್ತದೆ. ಅದು ದೀಪಕ್ಕೆ ಬರುವ ವಿದ್ಯುತ್ತಲ್ಲ, ಬೇರೊಂದು ಜಾತಿಯದು.

ಎರಡು ಬಗೆಯ ಪ್ರವಾಹ

ಮನೆಯ ಗೋಡೆಯ ಪ್ಲಗ್ಗಿಗೆ ಬರುವುದು 230 ವೋಲ್ಟುಗಳ ಪರ್ಯಾಯ ಪ್ರವಾಹ. ಅದು ಸೆಕೆಂಡಿಗೆ 50 ಆವರ್ತನೆಗಳ ವೇಗದಲ್ಲಿ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿರುತ್ತದೆ. ಟಾರ್ಚಿನ ಸೆಲ್ಲಿನಿಂದ ಬರುವುದಾದರೋ ಏಕಮುಖ ಪ್ರವಾಹ. ನಾಲೆಯ ನೀರಿನಂತೆ ಒಂದೇ ದಿಕ್ಕಿಗೆ ಹರಿಯುವಂಥದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಎರಡರೊಳಗೆ ಯಾವುದು ಮೇಲೆಂದು ಅಮೆರಿಕದಲ್ಲಿ ದೊಡ್ಡ ಜಗಳವೇ ನಡೆಯಿತು. ಎಡಿಸನ್ ಏಕಮುಖ ಪ್ರವಾಹದ ಪಕ್ಷ ವಹಿಸಿದ. ವೆಸ್ಟಿಂಗ್‌ಹೌಸ್ ಪರ್ಯಾಯ ಪ್ರವಾಹದ ಪಕ್ಷ ವಹಿಸಿದ. ಗೆದ್ದುದು ಪರ್ಯಾಯ ಪ್ರವಾಹವೇ. ಟ್ರಾನ್ಸ್‌ಫಾರ್ಮರಿನ ನೆರವಿನಿಂದ ಅದರ ವೋಲ್ಟೇಜನ್ನು ಏರಿಸಿ ಬಹುದೂರ ಸಾಗಿಸಬಹುದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದುದು ಈ ಗುಣದಿಂದಲೇ.

ಆದರೆ ಪರ್ಯಾಯ ಪ್ರವಾಹಕ್ಕೆ ಒಂದು ಕೊರತೆಯುಂಟು. ಅದನ್ನು ಇದ್ದಂತೆಯೇ ಕೂಡಿಡಲು ಬಾರದು. ಬ್ಯಾಟರಿ ಬಲ್ಲುದು ಏಕಮುಖ ಪ್ರವಾಹವನ್ನು ಮಾತ್ರ. ಎಂದೂ ನಿಲ್ಲಬಾರದೆಂಬ ಹಟ ತೊಟ್ಟ ಯಂತ್ರವು, ಕೂಡಿಡಲು ಬರುವ ವಿದ್ಯುತ್ತನ್ನೇ ಆಶ್ರಯಿಸಬೇಕಷ್ಟೆ. ಜಗತ್ತೆಲ್ಲ ಪರ್ಯಾಯ ಪ್ರವಾಹದ ಕಡೆಗೆ ಹೊರಳಿದಾಗಲೂ ಟೆಲಿಫೋನು ತನ್ನ ಹಳೆಯ ಸಂಗಾತಿಯನ್ನು ಬಿಡಲಿಲ್ಲ.

ಭಾರತದಲ್ಲಿ 1882ರ ಜನವರಿ 28ರಂದು ಕಲ್ಕತ್ತ, ಮದರಾಸು, ಮುಂಬಯಿಗಳಲ್ಲಿ ಟೆಲಿಫೋನು ಕೇಂದ್ರಗಳು ತೆರೆದವು. ಹಳೆಯ ಪದ್ಧತಿಯಲ್ಲಿ ಪ್ರತಿಯೊಬ್ಬ ಗ್ರಾಹಕನ ಮನೆಯಲ್ಲಿಯೂ ಒಂದು ಬ್ಯಾಟರಿ ಇರುತ್ತಿತ್ತು. ಹಿಡಿಕೆ ತಿರುಗಿಸಿ ಕೇಂದ್ರದವರನ್ನು ಎಚ್ಚರಿಸಬೇಕಾಗಿತ್ತು. ಮುಂದೆ ಈ ಚಿಲ್ಲರೆ ಬ್ಯಾಟರಿಗಳನ್ನೆಲ್ಲ ತೆಗೆದು, ಕೇಂದ್ರದಲ್ಲಿಯೇ ಒಂದು ದೊಡ್ಡ ಬ್ಯಾಟರಿಯನ್ನಿಟ್ಟು, ಎಲ್ಲ ಮನೆಗಳಿಗೂ ಅಲ್ಲಿಂದಲೇ ವಿದ್ಯುತ್ತನ್ನು ಹಂಚುವ ಪದ್ಧತಿ ಬಂತು. ಮನೆಮನೆಯ ಬಾವಿಗೆ ಬದಲಾಗಿ ಊರಿಗೊಂದು ಕೆರೆ ಕಟ್ಟಿದ ಹಾಗೆ!

ಕೆರೆ ಮತ್ತು ಕಾಲುವೆ

ಆ ಕೆರೆಯ ಒಳಗನ್ನು ಒಮ್ಮೆ ನೋಡಬೇಕು. ಸೀಸ ಮತ್ತು ಗಂಧಕಾಮ್ಲದ ಸೆಲ್ಲು ಒಂದೊಂದು ಸುಮಾರು 2 ವೋಲ್ಟು ಕೊಡುತ್ತದೆ. ಅಂಥ 24 ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟು. ಪ್ರಪಂಚದ ಬಹುಪಾಲು ಟೆಲಿಫೋನು ಕೇಂದ್ರಗಳು ಒಪ್ಪಿಕೊಂಡ ಅಂಕಿ ಇದು. ಹೊರಗಿನಿಂದ ಬರುವ ಪರ್ಯಾಯ ಪ್ರವಾಹವನ್ನು ರೆಕ್ಟಿಫೈಯರ್ ಎಂಬ ಯಂತ್ರ ಏಕಮುಖವಾಗಿ ಪರಿವರ್ತಿಸಿ, ಸುಮಾರು 54 ವೋಲ್ಟಿನಲ್ಲಿ ಬ್ಯಾಟರಿಗೂ ಕೇಂದ್ರದ ಯಂತ್ರಗಳಿಗೂ ಏಕಕಾಲದಲ್ಲಿ ಒದಗಿಸುತ್ತಿರುತ್ತದೆ. ಬ್ಯಾಟರಿಯು ಸದಾ ತುಂಬಿದ್ದು ಕೋಡಿಯ ಅಂಚಿನಲ್ಲಿ ತೇಲುತ್ತಿರುತ್ತದೆ. ಹೊರಗಿನ ವಿದ್ಯುತ್ತು ನಿಂತ ಕ್ಷಣದಲ್ಲಿ ಯಾರೂ ಓಡಿಬಂದು ಗುಂಡಿಯೊತ್ತಬೇಕಾಗಿಲ್ಲ. ಮೊದಲೇ ಜೊತೆಗೂಡಿರುವ ಬ್ಯಾಟರಿ ರೆಪ್ಪೆ ಮಿಟುಕಿಸುವಷ್ಟು ಅಂತರವೂ ಇಲ್ಲದೆ ಭಾರವನ್ನು ಹೊರುತ್ತದೆ. ನಡುವೆ ಮಾತನಾಡುತ್ತಿದ್ದವರಿಗೆ ಏನೂ ತಿಳಿಯುವುದಿಲ್ಲ. ಅಷ್ಟರಲ್ಲಿ ಡೀಸೆಲ್ ಯಂತ್ರ ಹೊರಟರೆ ಸರಿ. ಹೊರಡದಿದ್ದರೆ ಬ್ಯಾಟರಿಯ ವೋಲ್ಟೇಜು ಮೆಲ್ಲಮೆಲ್ಲನೆ ಇಳಿದು 43ರ ಆಸುಪಾಸಿಗೆ ಬರುವವರೆಗೂ ಕೆಲಸ ಸಾಗುತ್ತದೆ.

ಕೆರೆಯಿದ್ದರೆ ಸಾಲದು, ಕಾಲುವೆಗಳೂ ಬೇಕು. ಬ್ಯಾಟರಿಯಿಂದ ಹೊರಟ ಪ್ರವಾಹ ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ದಪ್ಪ ಪಟ್ಟಿಗಳ ಮೇಲೆ ಸಾಗಿ ಹಂಚಿಕೆಯ ಫಲಕಕ್ಕೆ ಬರುತ್ತದೆ. ಅಲ್ಲಿ ಒಂದೊಂದು ಕವಲಿಗೂ ಒಂದೊಂದು ಫ್ಯೂಸು. ಕವಲುಗಳು ಯಂತ್ರಗಳ ಸಾಲುಗಳಿಗೆ ಹೋಗುತ್ತವೆ. ಅಲ್ಲಿ ಮತ್ತೆ ಚಿಕ್ಕ ಫ್ಯೂಸುಗಳ ಫಲಕ. ಒಂದು ಸಾಲಿನಲ್ಲಿ ದೋಷವುಂಟಾದರೆ ಅದರ ಫ್ಯೂಸು ಮಾತ್ರ ಕರಗಿ, ಎಚ್ಚರಿಕೆಯ ಗಂಟೆ ಬಾರಿಸಬೇಕು. ಉಳಿದ ಊರು ಮಾತನಾಡುತ್ತಲೇ ಇರಬೇಕು. ಹಂಚಿಕೆಯ ಉಪಕರಣದ ಧರ್ಮವೆಲ್ಲ ಇಷ್ಟೇ: ಒಬ್ಬನ ಕಷ್ಟ ಹತ್ತು ಮಂದಿಗೆ ಹರಡದಂತೆ ತಡೆಯುವುದು.

ಪಟ್ಟಿಗಳು ಅಷ್ಟು ದಪ್ಪವಾಗಿರುವುದಕ್ಕೂ ಕಾರಣವುಂಟು. 4,800 ವಾಟುಗಳ ಹೊರೆಯನ್ನು 230 ವೋಲ್ಟಿನಲ್ಲಿ ಒಯ್ಯಲು 21 ಆಂಪಿಯರು ಸಾಕು. 48 ವೋಲ್ಟಿನಲ್ಲಾದರೆ 100 ಆಂಪಿಯರು ಬೇಕು. ಇಂಥ ಪ್ರವಾಹಕ್ಕೆ ಒಂದು ಸಡಿಲವಾದ ಬೋಲ್ಟು ಸಹ ಶತ್ರು. ಆ ಜೋಡಣೆಯಲ್ಲಿ ಒಂದು ಓಮಿನ ನೂರನೆಯ ಒಂದು ಪಾಲಿನಷ್ಟು ಪ್ರತಿರೋಧ ಸೇರಿಕೊಂಡರೆ, ಒಂದು ವೋಲ್ಟು ಅಲ್ಲಿಯೇ ನಷ್ಟವಾಗಿ, 100 ವಾಟುಗಳ ಶಾಖ ಆ ಬೋಲ್ಟಿನಲ್ಲಿ ಹುಟ್ಟುತ್ತದೆ. ಹಳೆಯ ಕಾಲದ ನೂರು ವಾಟಿನ ಬಲ್ಬು ಎಷ್ಟು ಸುಡುತ್ತಿತ್ತೆಂಬುದನ್ನು ಬಲ್ಲವರಿಗೆ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ.

ಋಣವೇಕೆ?

ಈ 48 ವೋಲ್ಟಿಗೆ ಮುಂದೆ ಒಂದು ಋಣಚಿಹ್ನೆ ಇರುವುದು ವಿಚಿತ್ರವೆನಿಸಬಹುದು. ಟೆಲಿಫೋನು ಕೇಂದ್ರದಲ್ಲಿ ಬ್ಯಾಟರಿಯ ಧನಧ್ರುವವನ್ನು ಭೂಮಿಗೆ ಜೋಡಿಸಿ, ಋಣಧ್ರುವವನ್ನು ತಂತಿಗೆ ಕೊಡುತ್ತಾರೆ. ನೆಲದೊಳಗಿನ ಕೇಬಲ್ಲಿಗೆ ತೇವ ನುಗ್ಗಿದಾಗ, ಧನ ವಿಭವದಲ್ಲಿರುವ ತಾಮ್ರ ಕಣಕಣವಾಗಿ ಕರಗಿ ಸವೆಯುತ್ತದೆ. ಋಣ ವಿಭವದಲ್ಲಿರುವ ತಾಮ್ರ ಉಳಿಯುತ್ತದೆ. ಕೂದಲೆಳೆಯಂಥ ತಂತಿಗಳನ್ನು ಸವೆತದಿಂದ ಕಾಪಾಡಲು ಕಂಡುಕೊಂಡ ಉಪಾಯವಿದು. ಸಾಲವೆಂಬ ಅರ್ಥವುಳ್ಳ ಪದವೇ ಇಲ್ಲಿ ಉಳಿತಾಯದ ಮೂಲವಾಗಿರುವುದು ಸ್ವಾರಸ್ಯ.

48 ಎಂಬ ಅಂಕಿಯ ಹಿಂದೆಯೂ ವಿವೇಕವಿದೆ. ಕೆಲವು ಮೈಲಿ ದೂರದ ಮನೆಗೂ ಮಾತಿಗೆ ಬೇಕಾದಷ್ಟು ಪ್ರವಾಹವನ್ನು ಅದು ತಳ್ಳಬಲ್ಲುದು. ಆದರೂ ಒಣ ಕೈಯಿಂದ ಮುಟ್ಟಿದವನನ್ನು ಸಾಮಾನ್ಯವಾಗಿ ಕೊಲ್ಲದು. ಹಾಗೆಂದು ಅದನ್ನು ಸಾಧು ಪ್ರಾಣಿಯೆಂದು ಭಾವಿಸುವಂತಿಲ್ಲ. ಪರ್ಯಾಯ ಪ್ರವಾಹವು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದುಹೋಗುವುದರಿಂದ, ಸ್ವಿಚ್ಚನ್ನು ಬಿಡಿಸಿದಾಗ ಹುಟ್ಟುವ ಕಿಡಿ ತಾನಾಗಿ ಆರಲು ಅವಕಾಶವಿರುತ್ತದೆ. ಏಕಮುಖ ಪ್ರವಾಹಕ್ಕೆ ಆ ವಿರಾಮವಿಲ್ಲ. ಅದರ ಕಿಡಿ ಹಟಮಾರಿ. ಆದುದರಿಂದ ಅದಕ್ಕೆ ತಕ್ಕ ಫ್ಯೂಸುಗಳೂ ಸ್ವಿಚ್ಚುಗಳೂ ಬೇರೆಯಾಗಿಯೇ ಇರಬೇಕು. ಕೈತಪ್ಪಿದ ಒಂದು ಸ್ಪ್ಯಾನರು ಎರಡು ಪಟ್ಟಿಗಳ ನಡುವೆ ಅಡ್ಡಬಿದ್ದರೆ ಬ್ಯಾಟರಿಯು ತನ್ನಲ್ಲಿರುವ ಶಕ್ತಿಯನ್ನೆಲ್ಲ ಅದರ ಮೂಲಕ ಸುರಿದು ಉಕ್ಕನ್ನೇ ಕರಗಿಸಬಲ್ಲುದು. ಬ್ಯಾಟರಿ ಕೊಠಡಿಗೆ ಹೋಗುವ ಕೆಲಸಗಾರ ಉಂಗುರ, ಕೈಗಡಿಯಾರಗಳನ್ನು ಬಿಚ್ಚಿಟ್ಟು ಹೋಗುವುದು ಇದಕ್ಕಾಗಿಯೇ.

ಬಿಸಿಲು, ಧೂಳು ಮತ್ತು ಕಿತ್ತೂರು

ಪುಸ್ತಕದ ಲೆಕ್ಕ ಒಂದು, ಊರಿನ ಲೆಕ್ಕ ಇನ್ನೊಂದು. ಸಂಡೂರು ಮ್ಯಾಂಗನೀಸು ಮತ್ತು ಕಬ್ಬಿಣದ ಅದಿರಿನ ನಾಡು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿತು. 1977ರಲ್ಲಿ ದೋಣಿಮಲೆಯ ಗಣಿ ಕೆಲಸಕ್ಕೆ ತೊಡಗಿತು. ಗಣಿಯ ಜೊತೆಗೆ ಕೆಂಪು ಧೂಳೂ ಬಂತು. ಎಲೆಗಳ ಮೇಲೆ, ಮಾಡುಗಳ ಮೇಲೆ ಕೂರುವ ಆ ಧೂಳು ಯಂತ್ರಗಳನ್ನು ಬಿಟ್ಟೀತೆ? ಗಾಳಿ ಒಳಬರುವ ಜಾಲರಿಯನ್ನು ಮುಚ್ಚುತ್ತದೆ, ಮಳೆಗಾಲದ ತೇವದೊಡನೆ ಬೆರೆತು ಬ್ಯಾಟರಿಯ ಮೇಲ್ಮೈಯಲ್ಲಿ ಪ್ರವಾಹ ಸೋರಲು ದಾರಿ ಮಾಡುತ್ತದೆ. ಇದರ ಮೇಲೆ ಬಳ್ಳಾರಿ ಸೀಮೆಯ ಬಿಸಿಲು. ಬೇಸಗೆಯಲ್ಲಿ ಪಾದರಸ 40 ಡಿಗ್ರಿಯನ್ನು ದಾಟುತ್ತದೆ. ಈಗ ಬಳಕೆಯಲ್ಲಿರುವ, ನೀರು ಹಾಕಬೇಕಾಗಿಲ್ಲದ ಮುಚ್ಚಿದ ಸೀಸದ ಬ್ಯಾಟರಿಗಳ ವಿಷಯದಲ್ಲಿ ಇಂಜಿನಿಯರುಗಳು ಒಂದು ಸ್ಥೂಲ ನಿಯಮ ಹೇಳುತ್ತಾರೆ: 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೂ ಆಯುಷ್ಯ ಅರ್ಧವಾಗುತ್ತದೆ. ತಂಪಾದ ಕೋಣೆಯಲ್ಲಿ ಹತ್ತು ವರ್ಷ ಬಾಳಬೇಕಾದುದು 35 ಡಿಗ್ರಿಯಲ್ಲಿ ಐದೇ ವರ್ಷ ಬಾಳೀತು.

ಹೊರದೇಶಗಳಿಂದ ಬಂದ ಯಂತ್ರಗಳು ಇಂಥ ಬಿಸಿಲು ಧೂಳುಗಳಿಗಾಗಿ ಹುಟ್ಟಿದವಲ್ಲ. ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ದೇಶಕ್ಕೆ ಟೆಲಿಫೋನುಗಳನ್ನೂ ಸ್ಟ್ರೌಜರ್ ಪದ್ಧತಿಯ ಸ್ವಯಂಚಾಲಿತ ಯಂತ್ರಗಳನ್ನೂ ತಯಾರಿಸಿಕೊಟ್ಟಿತು. ಆದರೆ ಹಳ್ಳಿಗೆ ತಕ್ಕ ಎಲೆಕ್ಟ್ರಾನಿಕ್ ಕೇಂದ್ರ ಬೇಕಾಗಿತ್ತು. ಅದಕ್ಕಾಗಿಯೇ ದುಡಿದ ಸಂಸ್ಥೆ 1984ರಲ್ಲಿ ಸ್ಥಾಪಿತವಾದ ಸಿ-ಡಾಟ್. ಅದು ರೂಪಿಸಿದ 128 ದ್ವಾರಗಳ ಚಿಕ್ಕ ಗ್ರಾಮೀಣ ಕೇಂದ್ರವು ಮೊದಲು ಕೆಲಸಕ್ಕಿಳಿದುದು 1986ರಲ್ಲಿ, ಚೆನ್ನಮ್ಮನ ಕಿತ್ತೂರಿನಲ್ಲಿ. ಅದಕ್ಕೆ ಹವಾನಿಯಂತ್ರಣದ ಕೋಣೆ ಬೇಕಿರಲಿಲ್ಲ. ತಂಪು ಮಾಡುವ ಯಂತ್ರವು ಪರ್ಯಾಯ ಪ್ರವಾಹವನ್ನು ಬೇಡುವಂಥದು. ವಿದ್ಯುತ್ತು ಹೋದರೆ ಅದೂ ನಿಲ್ಲುತ್ತದೆ. ಬ್ಯಾಟರಿಯೊಂದನ್ನೇ ನಂಬಿ ಬದುಕಬಲ್ಲ ಯಂತ್ರವೇ ಹಳ್ಳಿಗೆ ತಕ್ಕ ಯಂತ್ರವೆಂಬುದನ್ನು ಕಿತ್ತೂರು ತೋರಿಸಿಕೊಟ್ಟಿತು.

ಗಾಜಿನ ಎಳೆಯ ಕಾಲದಲ್ಲಿ

ಇಂದು ಕೈಯಲ್ಲಿ ಹಿಡಿದು ತಿರುಗುವ ಫೋನಿನ ಕಾಲ. ಆದರೂ 48 ವೋಲ್ಟು ನಿವೃತ್ತವಾಗಿಲ್ಲ. ಬೆಟ್ಟದ ತಲೆಯ ಮೇಲೆ ನಿಂತ ಮೊಬೈಲ್ ಗೋಪುರದ ಬುಡದಲ್ಲಿಯೂ ಅದೇ ರೆಕ್ಟಿಫೈಯರು, ಅದೇ ಬ್ಯಾಟರಿ, ಅದೇ ಫ್ಯೂಸುಗಳ ಫಲಕ ಇವೆ. ಸೀಸದ ಬದಲು ಲಿಥಿಯಮ್ ಬ್ಯಾಟರಿಗಳು ಬರುತ್ತಿವೆ, ಅಷ್ಟೆ. ಸಂಡೂರಿನಂಥ ಕಣಿವೆಯಲ್ಲಿ, ಬೆಟ್ಟವೇ ಅಡ್ಡವಾಗಿರುವ ಕಡೆ, ರೇಡಿಯೋ ಅಲೆಗಳಿಗೆ ಎತ್ತರದ ಗೋಪುರ ಅನಿವಾರ್ಯ. ಆ ಗೋಪುರದ ಬ್ಯಾಟರಿ ಬರಿದಾದರೆ, ಜೇಬಿನ ಫೋನು ಪೂರ್ತಿ ತುಂಬಿದ್ದರೂ ಮೂಕವೇ.

ಇದು ಬರಿಯ ಅನುಕೂಲದ ಪ್ರಶ್ನೆಯಲ್ಲವೆಂಬುದನ್ನು ಈ ಸೀಮೆ ಚೆನ್ನಾಗಿ ಬಲ್ಲುದು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಹೋಯಿತು. ತಾತ್ಕಾಲಿಕವಾದ ಉಕ್ಕಿನ ಹಲಗೆಗಳನ್ನು ಇಳಿಸಿ ನೀರನ್ನು ತಡೆಯಲು ಸುಮಾರು ಒಂದು ವಾರ ಹಿಡಿಯಿತು. ನದಿಯ ಕೆಳಗಣ ಊರುಗಳಿಗೆ ಎಚ್ಚರಿಕೆ ಕೊಡಬೇಕಾಯಿತು. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಅನೇಕ ಸಲ ಮುಳುಗಿದ್ದುಂಟು. ಸೇತುವೆ ಮುಳುಗುವ ಮೊದಲು ದಡದವರಿಗೆ ಮಾತು ತಲುಪಬೇಕು. ಅಂಥ ರಾತ್ರಿಗಳಲ್ಲಿ ಗಾಳಿಮಳೆಯೂ ಇದ್ದು ದೀಪಗಳು ಆರಿದ್ದರೆ, ಆ ಮಾತನ್ನು ಹೊರುವುದು ಎಲ್ಲಿಯೋ ಒಂದು ಕೋಣೆಯಲ್ಲಿ ಸಾಲಾಗಿ ಕುಳಿತ 24 ಸೆಲ್ಲುಗಳು. ಅವುಗಳಲ್ಲಿ ಒಂದು ಸೊರಗಿದ್ದರೂ ಇಡೀ ಸಾಲು ಸೊರಗುತ್ತದೆ. ಶಾಂತವಾದ ದಿನಗಳಲ್ಲಿ ಅವುಗಳನ್ನು ಒಂದೊಂದಾಗಿ ಅಳೆದು, ಬೋಲ್ಟುಗಳನ್ನು ಬಿಗಿದು, ಧೂಳು ಒರೆಸಿ, ಪುಸ್ತಕದಲ್ಲಿ ಬರೆದಿಡುವ ಕೆಲಸಗಾರನ ಶ್ರದ್ಧೆಗೆ ಬೆಲೆ ಬರುವುದು ಆ ಒಂದು ರಾತ್ರಿಯಲ್ಲಿ.

ಮನೆಗಳಲ್ಲಿಯೂ ಒಂದು ಬದಲಾವಣೆ ಸದ್ದಿಲ್ಲದೆ ನಡೆದಿದೆ. ಅನೇಕರ ಮನೆಗೆ ತಾಮ್ರದ ಬದಲು ಗಾಜಿನ ಎಳೆ ಬಂದಿದೆ. ಅದು ಬೆಳಕಿನ ರೂಪದಲ್ಲಿ ಮಾತನ್ನೂ ಚಿತ್ರವನ್ನೂ ಅತಿ ವೇಗವಾಗಿ ತರುತ್ತದೆ. ಆದರೆ ಗಾಜು ವಿದ್ಯುತ್ತನ್ನು ತರಲಾರದು. ಹಾಗಾಗಿ ಕೇಂದ್ರದ ಬ್ಯಾಟರಿ ಎಷ್ಟೇ ಗಟ್ಟಿಯಾಗಿದ್ದರೂ, ಮನೆಯ ದೀಪ ಆರಿದೊಡನೆ ಮನೆಯ ಮೋಡೆಮ್ಮೂ ಆರುತ್ತದೆ. ಅದರೊಡನೆ ಟೆಲಿಫೋನೂ ಮೌನವಾಗುತ್ತದೆ. ಊರಿನ ಕೆರೆಯಿಂದ ಬರುತ್ತಿದ್ದ ನೀರು ನಿಂತು, ಮತ್ತೆ ಮನೆಮನೆಗೂ ಒಂದು ಗಡಿಗೆ ತುಂಬಿಡಬೇಕಾದ ಕಾಲ ಬಂದಿದೆ.

ಗಡಿಗೆಯೇನೂ ದೊಡ್ಡದಲ್ಲ. ಬಹಳಷ್ಟು ಮೋಡೆಮ್ಮುಗಳು 12 ವೋಲ್ಟಿನ ಏಕಮುಖ ಪ್ರವಾಹದಲ್ಲಿಯೇ ನಡೆಯುವಂಥವು. ಅವಕ್ಕೆಂದೇ ಅಂಗೈಯಗಲದ ಬ್ಯಾಟರಿ ಪೆಟ್ಟಿಗೆಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಮನೆಯಲ್ಲಿ ಇನ್ವರ್ಟರಿದ್ದರೆ ಮೋಡೆಮ್ಮಿನ ಪ್ಲಗ್ಗು ಅದರ ಸಾಲಿಗೆ ಸೇರಿದೆಯೇ ಎಂದು ನೋಡಿಕೊಂಡರೆ ಸಾಕು. ವಯಸ್ಸಾದ ತಂದೆತಾಯಿಗಳಿರುವ ಮನೆಯಲ್ಲಿ, ಮುಂಗಾರು ಇಳಿಯುವ ಮೊದಲೇ, ಹಗಲು ಹೊತ್ತಿನಲ್ಲಿ ಒಮ್ಮೆ ಮೇನ್ ಸ್ವಿಚ್ಚನ್ನು ತೆಗೆದು ಟೆಲಿಫೋನು ಜೀವಂತವಾಗಿದೆಯೇ ಎಂದು ಪರೀಕ್ಷಿಸುವುದು ಒಳ್ಳೆಯದು. ಐದು ನಿಮಿಷಗಳ ಕೆಲಸವದು. ವೈದ್ಯರಿಗೆ ಹೇಳಿಕಳುಹಬೇಕಾದ ರಾತ್ರಿಯಲ್ಲಿ ಮಾಡಲು ಬರುವ ಕೆಲಸವಲ್ಲ.